ಯಾರನ್ನೂ ನೋಯಿಸದ ಮೆಟ್ಟು

ನಮ್ಮ ನಗರ ಎಂಬ ಊರಿನಲ್ಲಿದ್ದ ಪಾದಚಾರಿ ನೌಕರರ ಕ್ಷೇಮ ಇಲಾಖೆಯ ಶಾಖೆಯಲ್ಲಿ ಹನ್ನೊಂದು ಮಂದಿ ನೌಕರರಿದ್ದರು. ಅವರಲ್ಲಿ ಪಾದಚಾರಿ ಇದ್ದದ್ದು ಒಬ್ಬನೇ. ಅವನು ನನ್ನ ತಂಗಿ ಮಗ ಹುಲಿಯಪ್ಪ. ಉಳಿದವರೆಲ್ಲ ಅವನ ಕ್ಷೇಮ ನೋಡಿಕೊಳ್ಳುತ್ತಿದ್ದರು.

ಸರ್ಕಾರದ ಕಾಗದಗಳನ್ನು ನಿಟ್ಟೂರಿನ ಆಚೆ ಗುಡ್ಡದ ಮೇಲಿನ ಮನೆಮನೆಗೆ ಮುಟ್ಟಿಸುವುದು ಅವನ ಕೆಲಸ. ಬರಿಗಾಲಿನಲ್ಲೇ ಹೋಗಿ ಬರುತ್ತಿದ್ದ. ಮಳೆಗಾಲದಲ್ಲಿ ನನ್ನ ಅಂಗಳಕ್ಕೆ ಬಂದು ನಿಂತರೆ, ಉಂಬಳದ ಹುಳ ಕಚ್ಚಿದ ರಕ್ತ ಯಾವುದು, ಒಡೆದ ಹಿಮ್ಮಡಿಯ ರಕ್ತ ಯಾವುದು ಅಂತ ಅವನಿಗೇ ತಿಳಿಯುತ್ತಿರಲಿಲ್ಲ. ಹಂಗಾಮಿ ನೌಕರ ಬೇರೆ. ಮಾಸ್ತಿಕಟ್ಟೆ ಕಡೆಯ ಶರಾವತಿ ಅನ್ನೋ ಹುಡುಗಿಯನ್ನು ನೋಡಿ ಒಪ್ಪಿದ್ದ, ಹುಡುಗಿಯೂ ಒಪ್ಪಿದ್ದಳು. ಅವಳ ಅಪ್ಪ ಮಾತ್ರ, "ನೌಕರಿ ಖಾಯಂ ಆದ ದಿನ ಧಾರೆ ಎರೀತೀನಿ, ಅಲ್ಲೀವರೆಗೆ ಈ ಕಡೆ ತಲೆ ಹಾಕೋದು ಬ್ಯಾಡ" ಅಂದಿದ್ದರು.

ಎಪ್ಪತ್ತೇಳನೇ ಇಸವಿಯ ದೀಪಾವಳಿ ಕಳೆದ ಮೇಲೆ ಮೇಲಿನಿಂದ ಹುಕುಂ ಬಂತು. ಶಾಖೆಯ ದೊಡ್ಡ ಸಾಹೇಬರಾದ ಹೇರಂಬರಾಯರು ಜೀಪಿನಲ್ಲಿ ನಮ್ಮನೆಗೇ ಬಂದು ಜಗುಲಿ ಮೇಲೆ ಕೂತು ಓದಿದರು. ನನಗೆ ಓದು ಬರುವುದಿಲ್ಲ. ಆದರೆ ಒಮ್ಮೆ ಕೇಳಿದ್ದು ಮರೆಯುವುದಿಲ್ಲ.

"ಖಾಯಂ ಆಗತಕ್ಕ ನೌಕರನು ಇಲಾಖೆ ಒಪ್ಪಿದ ಮೆಟ್ಟನ್ನು ಧರಿಸಿ ಮೇಲಧಿಕಾರಿಗಳ ಸಮಕ್ಷಮ ನಡೆದು ತೋರಿಸತಕ್ಕದ್ದು. ಸದರಿ ಮೆಟ್ಟು ಕಾಲಿಗೆ ಹಿತವಾಗಿರತಕ್ಕದ್ದು. ಅದಕ್ಕಾಗಿ ಯಾವ ಪ್ರಾಣಿಯನ್ನೂ ಕೊಲ್ಲತಕ್ಕದ್ದಲ್ಲ, ಯಾವ ಮರಕ್ಕೂ ಗಾಯ ಮಾಡತಕ್ಕದ್ದಲ್ಲ, ಹೊಲಿಯುವವನ ಬೆನ್ನಿಗೆ ನೋವು ಕೊಡತಕ್ಕದ್ದಲ್ಲ."

ಈ ಮಾತಿನಲ್ಲಿ ತಪ್ಪು ಹುಡುಕಲಿಕ್ಕೆ ನನ್ನಿಂದ ಆಗಲಿಲ್ಲ. ಈಗಲೂ ಆಗುವುದಿಲ್ಲ.

ಮೆಟ್ಟಿನ ಆಯ್ಕೆ ಶುರುವಾಯಿತು. ರಬ್ಬರಿನದು ಬಂತು. ರಬ್ಬರು ಅಂದರೆ ಮರವನ್ನು ಗೀರಿ ತೆಗೆದ ಹಾಲು ಅಂತ ರಾಯರು ಮುಟ್ಟಲೂ ಇಲ್ಲ. ಪೇಟೆಯಿಂದ ಬಟ್ಟೆಯ ಬೂಟು ಬಂತು. ಅದನ್ನು ಹೊಲಿದವನ ಬೆನ್ನು ಹೇಗಿದೆ ಎಂದು ಕೇಳಿದರೆ ಅಂಗಡಿಯವನಿಗೆ ಗೊತ್ತಿರಲಿಲ್ಲ. ಹುಲಿಯಪ್ಪನೇ ಅಡಿಕೆ ಹಾಳೆ ಕತ್ತರಿಸಿ ಕಾಲಿಗೆ ಕಟ್ಟಿಕೊಂಡು ನಡೆದು ತೋರಿಸಿದ. ಅಂಗಳದ ಪಾಚಿಯ ಮೇಲೆ ಜಾರಿ ರಾಯರ ಕಾಲ ಬುಡಕ್ಕೇ ಹೋಗಿ ಬಿದ್ದ. "ವಿನಯ ಚೆನ್ನಾಗಿದೆ, ಹಿತ ಕಾಣುವುದಿಲ್ಲ" ಅಂತ ಬರೆದುಕೊಂಡರು.

ಆಗ ಮೆಟ್ಟು ಹೊಲಿಯುವ ಜಟ್ಟಪ್ಪ ಹೇಳಿದ: "ಹಳೇ ಟಯರು ಬಿದ್ದಿದೆ ರಾಯರೇ. ಸಂಜೆ ಒಳಗೆ ಹೊಲಿದು ಕೊಟ್ಬಿಡ್ತೀನಿ."

"ಯಾವ ಗಾಡಿಯ ಟಯರು?"

"ದಿಮ್ಮಿ ಹೊಡೆಯೋ ಲಾರಿದು."

"ಹಾಗಾದರೆ ಅದಕ್ಕೆ ಕಾಡು ಕಡಿದ ದೋಷ ಇದೆ. ಆಗದು."

ಅಷ್ಟು ಹೊತ್ತಿಗೆ ದಿಮ್ಮಿ ತುಂಬಿದ ಲಾರಿಯೊಂದು ರಸ್ತೆಯಲ್ಲಿ ಹೋಯಿತು. ಅದರ ಟಯರು ಹೊಸದಾಗಿದ್ದರಿಂದ ಯಾರೂ ಏನೂ ಹೇಳಲಿಲ್ಲ.

ಉಳಿದದ್ದು ಒಂದೇ ದಾರಿ. ತಾನಾಗಿ ಸತ್ತ ಪ್ರಾಣಿಯ ಚರ್ಮ. ರಾಯರ ಕಣ್ಣು ನನ್ನ ಕೊಟ್ಟಿಗೆ ಕಡೆ ಹೋಯಿತು. ಅಲ್ಲಿ ನಮ್ಮ ಕರಿಯ ಮಲಗಿತ್ತು. ನನ್ನ ಯಜಮಾನರು ಇದ್ದಾಗಿನಿಂದ ಗದ್ದೆ ಹೂಡಿದ ಕೋಣ, ಮುದಿಯಾಗಿ ಮೇವು ಬಿಟ್ಟಿತ್ತು.

"ಇದು ಯಾವಾಗ ಸಾಯುವ ಅಂದಾಜು?"

"ನಿಮ್ಮನೆ ಹಿರೀರನ್ನೂ ಹಿಂಗೇ ಕೇಳ್ತೀರಾ ರಾಯರೇ?" ಅಂದೆ.

"ಅವರ ಚರ್ಮ ಇಲಾಖೆಗೆ ಬೇಡವಲ್ಲ ಜಲಜಮ್ಮ" ಅಂದರು. ಸಿಟ್ಟು ಮಾಡಿಕೊಳ್ಳದೆ, ಸಮಾಧಾನವಾಗಿಯೇ ಹೇಳಿದರು.

ಹುಲಿಯಪ್ಪ ನನ್ನ ಮುಖ ನೋಡಿದ. ಅವನ ಕಾಲು ನೋಡಿ ನಾನು ಒಪ್ಪಿದೆ. ಹೇಗೂ ಸಾಯುವ ಜೀವ.

ಆದರೆ ತಾನಾಗಿ ಸಾಯುವುದು ಅಂದುಕೊಂಡಷ್ಟು ಸುಲಭವಲ್ಲ ಅಂತ ಆಮೇಲೆ ತಿಳಿಯಿತು. ಕೋಣ ಹಸಿವಿನಿಂದ ಸತ್ತರೆ ಅದು ಇಲಾಖೆ ಕೊಂದ ಹಾಗೆ. ಚಳಿಯಿಂದ ಸತ್ತರೂ ಹಾಗೆಯೇ. ಬೇಜಾರಿನಿಂದ ಸಾಯುವುದಂತೂ ಕೂಡದು. ಆದ್ದರಿಂದ ಹಿಂಡಿ ಬಂತು, ಬೇಯಿಸಿದ ಹುರುಳಿ ಬಂತು, ಬೆಲ್ಲ ಬಂತು, ಹೊದೆಯಲು ಕಂಬಳಿ ಬಂತು. ಹಿಂಡಿ ಅಳೆಯಲು ಒಬ್ಬ ಗುಮಾಸ್ತ ಬಂದ. ದನದ ಡಾಕ್ಟರು ವಾರವಾರ ಬಂದು ಎದೆ ಬಡಿತ ಕೇಳಿ ಹೋದರು. ಚರ್ಮ ಹದ ಮಾಡಲು ಅಳಲೆಕಾಯಿ ಬೇಕು. ಅದನ್ನೂ ಕೀಳತಕ್ಕದ್ದಲ್ಲ, ತಾನಾಗಿ ಉದುರಬೇಕು. ಉದುರುವುದನ್ನು ಕಣ್ಣಾರೆ ನೋಡಲಿಕ್ಕೆ ಕನ್ನಪ್ಪ ಎಂಬುವವನನ್ನು ಮರದ ಬುಡದಲ್ಲಿ ಕೂರಿಸಿದರು. ಅವನ ಬೆನ್ನ ಹಿಂದೆ ದಿನಾ ಲಾರಿ ಓಡಾಡುತ್ತಿತ್ತು. ಅವನು ತಿರುಗಿ ನೋಡುವಂತಿರಲಿಲ್ಲ. ಜಟ್ಟಪ್ಪನ ಬೆನ್ನಿಗೆ ಆಯಾಸವಾಗದಂತೆ ಈಗಿನಿಂದಲೇ ಕೂತು ಸುಧಾರಿಸಿಕೊಳ್ಳಬೇಕೆಂದು ಆಜ್ಞೆಯಾಯಿತು. ಅದಕ್ಕೆ ಸಂಬಳವೂ ಆಯಿತು.

ಹೀಗೆ ನೋಡಿಕೊಂಡರೆ ಯಾರು ಸಾಯುತ್ತಾರೆ? ಒಂದು ಬೆಳಿಗ್ಗೆ ಕರಿಯ ಎದ್ದು ನಿಂತಿತು.

ಹುಲಿಯಪ್ಪ ದಿನಾ ಬಂದು ಕೇಳುತ್ತಿದ್ದ: "ದೊಡ್ಡವ್ವ, ಹೆಂಗಿದೆ?"

"ಚೆನ್ನಾಗಿದೆ ಕಣೋ."

ಅವನ ಮುಖ ಇಳಿದುಹೋಗುತ್ತಿತ್ತು. ಇಳಿದದ್ದಕ್ಕೆ ತನಗೇ ನಾಚಿಕೆಯಾಗಿ, ಗದ್ದೆ ಅಂಚಿಗೆ ಹೋಗಿ ಒಂದು ಹೊರೆ ಹಸಿ ಹುಲ್ಲು ಕೊಯ್ದು ತಂದು ಹಾಕುತ್ತಿದ್ದ. ಅದನ್ನು ತಿಂದು ಕರಿಯ ಇನ್ನಷ್ಟು ಚೆನ್ನಾಗುತ್ತಿತ್ತು. ಮಾಸ್ತಿಕಟ್ಟೆಯಿಂದ ಅವನ ಮಾವ ಆಗಬೇಕಾದವರು ಹೇಳಿ ಕಳಿಸಿದರು: "ನನ್ನ ಮಗಳ ಮದುವೆಗೂ ಆ ಕೋಣದ ಆಯುಸ್ಸಿಗೂ ಎಂತ ಸಂಬಂಧ ಮಾರಾಯ?"

ಕೊನೆಗೆ ಇಲಾಖೆಯೇ ದಾರಿ ತೋರಿಸಿತು. ಕೋಣ ತಾನಾಗಿಯೇ ಸತ್ತಿತು ಎನ್ನಲಿಕ್ಕೆ ಸಾಕ್ಷಿ ಬೇಕು. ಹಂಗಾಮಿ ನೌಕರನ ಸಾಕ್ಷಿ ನಡೆಯುವುದಿಲ್ಲ. ಆದ್ದರಿಂದ 'ಸ್ವಾಭಾವಿಕ ಮರಣ ನಿರೀಕ್ಷಕ' ಎಂಬ ಖಾಯಂ ಹುದ್ದೆ ಮಂಜೂರಾಯಿತು. ನಿರೀಕ್ಷಕನು ಕೋಣದ ಪಕ್ಕ ಬಿಟ್ಟು ಏಳತಕ್ಕದ್ದಲ್ಲ. ಏಳದವನಿಗೆ ನಡಿಗೆ ಇಲ್ಲ, ನಡಿಗೆ ಇಲ್ಲದವನಿಗೆ ಮೆಟ್ಟು ಬೇಡ. ಹುಲಿಯಪ್ಪನನ್ನೇ ಹಾಕಿದರು.

"ಆದರೆ ನೆನಪಿರಲಿ" ಅಂದರು ರಾಯರು, "ಕೋಣ ಇರುವವರೆಗೆ ಮಾತ್ರ ಈ ಹುದ್ದೆ."

ಮುಂದಿನ ವೈಶಾಖದಲ್ಲಿ ನಮ್ಮ ಕೊಟ್ಟಿಗೆಯಲ್ಲೇ ಮದುವೆ ಆಯಿತು. ಕೂತಲ್ಲೇ ಕೂತು ಹುಲಿಯಪ್ಪನ ಹಿಮ್ಮಡಿ ಕೂಡಿಕೊಂಡು ಮಗುವಿನ ಕೆನ್ನೆ ಹಾಗಾಯಿತು. ಕಾಗದ ಒಯ್ಯುವವರು ಇಲ್ಲವಾದ್ದರಿಂದ ಗುಡ್ಡದ ಮೇಲಿನವರೇ ನಮ್ಮ ಕೊಟ್ಟಿಗೆಗೆ ಇಳಿದು ಬಂದು ತಂತಮ್ಮ ಕಾಗದ ತೆಗೆದುಕೊಂಡು ಹೋಗತೊಡಗಿದರು. ಎಲ್ಲರೂ ಬರಿಗಾಲಿನವರು. ಮುದುಕಿ ತುಂಗಮ್ಮ ನಮ್ಮ ಕಟ್ಟೆ ಮೇಲೆ ಕೂತು ಕಾಲು ತಿರುಗಿಸಿ ತೋರಿಸಿದಳು. "ನಿನ್ನ ಹಿಮ್ಮಡಿ ನನ್ನ ಕಾಲಿಗೆ ಬಂತಲ್ಲೋ ಹುಲಿಯಪ್ಪ!"

"ನೀವು ನೌಕರರಲ್ಲವಲ್ಲ ಅಜ್ಜಿ, ನಿಮಗೆ ಬರಿಗಾಲಿಗೆ ಅಡ್ಡಿ ಇಲ್ಲ" ಅಂದ ಹುಲಿಯಪ್ಪ. ಇಲಾಖೆಯ ಮಾತು ಅವನಿಗೂ ಚೆನ್ನಾಗಿ ಬರುತ್ತಿತ್ತು.

ಆಗಲೂ ಬೆಳಿಗ್ಗೆ ಕಣ್ಣು ಬಿಡುವ ಮೊದಲೇ ಕೇಳುತ್ತಿದ್ದ, "ದೊಡ್ಡವ್ವ, ಹೆಂಗಿದೆ?" ಈಗ ನಾನು ಚೆನ್ನಾಗಿದೆ ಅಂದರೆ ಅವನಿಗೆ ಕಾಫಿ ಒಳಗಿಳಿಯುತ್ತಿತ್ತು. ಒಮ್ಮೆ ಕರಿಯ ಸೀನಿತು ಅಂತ ಶರಾವತಿ ಕೊಲ್ಲೂರಿಗೆ ಹರಕೆ ಹೊತ್ತಳು.

ಹರಕೆ ಎಷ್ಟು ದಿನ ತಡೆಯುತ್ತದೆ? ಎಂಬತ್ತರ ನಂತರದ ಒಂದು ಆಷಾಢದಲ್ಲಿ, ಹೊಟ್ಟೆ ತುಂಬ ಹುರುಳಿ ತಿಂದು, ಕಂಬಳಿ ಹೊದ್ದುಕೊಂಡು, ಯಾರನ್ನೂ ದೂರದೆ ಕರಿಯ ಸತ್ತುಹೋಯಿತು. ಅಷ್ಟು ಸ್ವಾಭಾವಿಕವಾದ ಸಾವನ್ನು ನಾನು ಮನುಷ್ಯರಲ್ಲೂ ಕಂಡಿಲ್ಲ. ನಾವೆಲ್ಲ ಅತ್ತೆವು. ಚರ್ಮ ಸುಲಿಯಲು ನಾನು ಬಿಡಲಿಲ್ಲ. ಗದ್ದೆ ಮೂಲೆಯಲ್ಲಿ ಇಡಿಯಾಗಿ ಮಣ್ಣು ಮಾಡಿಸಿದೆ. ಹುಲಿಯಪ್ಪ ಮಾತ್ರ ಬರಿದಾದ ಕೊಟ್ಟಿಗೆಯಲ್ಲಿ ತನ್ನ ಮಣೆ ಮೇಲೆ ಹಾಗೇ ಕೂತಿದ್ದ. ಏಳತಕ್ಕದ್ದಲ್ಲವಲ್ಲ.

ಸುದ್ದಿ ಕೇಳಿ ಹೇರಂಬರಾಯರು ಡಾಕ್ಟರನ್ನು ಕರೆದುಕೊಂಡು ಬಂದರು. ಜಟ್ಟಪ್ಪನೂ ಬಂದ, ಕನ್ನಪ್ಪನೂ ಬಂದ. ಎಲ್ಲರೂ ಕೊಟ್ಟಿಗೆ ಮುಂದೆ ನಿಂತರು.

"ಕೋಣ ಸತ್ತಿದೆ ಎಂದಾದರೆ" ಅಂದರು ರಾಯರು ನಿಧಾನವಾಗಿ, "ನಿರೀಕ್ಷಕನ ಹುದ್ದೆ ಹೋಗುತ್ತದೆ. ಹಿಂಡಿ ಗುಮಾಸ್ತನ ಹುದ್ದೆ, ಕನ್ನಪ್ಪನ ಹುದ್ದೆ, ಜಟ್ಟಪ್ಪನ ವಿಶ್ರಾಂತಿ, ಎಲ್ಲ ಹೋಗುತ್ತದೆ. ಶಾಖೆಯೇ ಉಳಿಯುವುದು ಕಷ್ಟ. ಡಾಕ್ಟರೇ, ಸರಿಯಾಗಿ ನೋಡಿ ಹೇಳಿ."

ಡಾಕ್ಟರು ಬಗ್ಗಿ, ಮೇವು ಹಾಕುವ ಬರಿಯ ಗೊಂತನ್ನು ಸರಿಯಾಗಿ ನೋಡಿದರು. "ಕಳೆದ ವಾರಕ್ಕಿಂತ ಸ್ವಲ್ಪ ಬಡಕಲಾಗಿದೆ" ಅಂದರು.

"ಹಿಂಡಿ ಹೆಚ್ಚು ಮಾಡೋಣ" ಅಂದರು ರಾಯರು.

"ಗೊರಕೆ ಹೊಡೀತಿದೆ, ಕೂಗಬ್ಯಾಡಿ" ಅಂದ ಜಟ್ಟಪ್ಪ, ಬೆನ್ನು ನೀವಿಕೊಳ್ಳುತ್ತ.

"ಜಲಜಮ್ಮ, ಕೋಣ ನಿಮ್ಮದು. ನಿಮ್ಮ ಹೇಳಿಕೆ ಬೇಕು."

ಶರಾವತಿ ಮಗುವನ್ನು ಸೊಂಟದ ಮೇಲೆ ಇಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಳು. ಹುಲಿಯಪ್ಪ ಮಣೆ ಬಿಟ್ಟು ಎದ್ದಿರಲಿಲ್ಲ.

"ಏಳಲಿಕ್ಕೆ ಸ್ವಲ್ಪ ಸೋಮಾರಿ, ಅಷ್ಟೇ" ಅಂದೆ.

ಆಮೇಲೆ ಯಾವ ತೊಂದರೆಯೂ ಆಗಲಿಲ್ಲ. ಹೇರಂಬರಾಯರು ಬಡ್ತಿ ಪಡೆದು ಶಿವಮೊಗ್ಗಕ್ಕೆ ಹೋದರು. ಹೊಸದಾಗಿ ಬಂದ ಸಾಹೇಬರೂ ವಾರಕ್ಕೊಮ್ಮೆ ಬಂದು ಕೊಟ್ಟಿಗೆ ನೋಡಿ ತೃಪ್ತಿಪಟ್ಟುಕೊಂಡು ಹೋಗುತ್ತಾರೆ. ಕಾಗದಕ್ಕೆಂದು ಗುಡ್ಡ ಇಳಿದು ಬರುವ ತುಂಗಮ್ಮ, ದಾರಿಯಲ್ಲಿ ಕಿತ್ತ ಹುಲ್ಲನ್ನು ಗೊಂತಿಗೆ ಹಾಕಿ, ಒಳಗೆ ಕೈ ಚಾಚಿ ನೇವರಿಸಿ ಹೇಳುತ್ತಾಳೆ:

"ಮೊದಲಿಗಿಂತ ಎಷ್ಟೋ ಸಾಧು ಆಗಿದೆ ಜಲಜಮ್ಮ. ಈಗ ಹಾಯೋದೇ ಇಲ್ಲ."