ಅಳುಮಟ್ಟಕ್ಕೆ ತಡೆ

ತಮಗೆ ಗೊತ್ತಿಲ್ಲದ್ದು ಜಗತ್ತಿನಲ್ಲಿ ಇರಲೇಬಾರದು ಎಂಬುದು ಪರಿಶೀಲಕರ ಸಿದ್ಧಾಂತ. ಕಚೇರಿಯ ಕೆಲಸವೂ ಅದಕ್ಕೆ ತಕ್ಕದ್ದೇ. ಕತೆ ಹೇಳುವವರು ಕಳುಹಿಸುವ ಫೀಡುಗಳನ್ನು, ಎಂದರೆ ಹೊಸ ಧ್ವನಿಮುದ್ರಣಗಳ ವಿವರ ಹೊತ್ತು ಕೇಳುಗರ ಫೋನಿಗೆ ಹೋಗುವ ಎಕ್ಸ್‌ಎಂಎಲ್ ಕಡತಗಳನ್ನು, ಅವರು ಬರೆದ ತಂತ್ರಾಂಶ ತಪಾಸಣೆ ಮಾಡುತ್ತಿತ್ತು. ಗುರುತಿಲ್ಲದ ಒಂದೇ ಒಂದು ಟ್ಯಾಗ್, ಎಂದರೆ ವಿವರದ ಹೆಸರುಚೀಟಿ, ಕಂಡರೂ ಇಡೀ ಫೀಡನ್ನೇ ಹೊರದಬ್ಬುವ ಉಗ್ರ ನಿಯಮವನ್ನು ಆ ದಿನ ಜಾರಿಗೆ ತಂದು, ದಿಗ್ವಿಜಯ ಮುಗಿಸಿದವರಂತೆ ಮನೆಗೆ ಬಂದರು.

ಮೊದಲು ಎದುರಾದವರು ತಾಯಿ. ಸೊಸೆ ವಾರವಾರ ಓದಿ ಪ್ರಸಾರ ಮಾಡುವ ಧಾರಾವಾಹಿಗೆ ಅವರೇ ಪ್ರಥಮ ಕೇಳುಗರು.

"ಇವತ್ತು ಕತೆ ಬರಲೇ ಇಲ್ಲ ಕಣೋ. ಆ ಹುಡುಗಿ ಹೋದ ವಾರದಿಂದ ಲಿಫ್ಟಲ್ಲೇ ಸಿಕ್ಕಿಹಾಕ್ಕೊಂಡಿದ್ದಾಳೆ."

ಮಡದಿ ಲ್ಯಾಪ್‌ಟಾಪನ್ನು ಊಟದ ಮೇಜಿನ ಮೇಲೆ, ಅವರ ತಟ್ಟೆ ಇರಬೇಕಾದ ಜಾಗದಲ್ಲೇ ತೆರೆದಿಟ್ಟಿದ್ದರು. (ಊಟದ ಭವಿಷ್ಯ ಅಲ್ಲಿಗೇ ಸ್ಪಷ್ಟವಾಯಿತು.)

"ರೀ, 'ಅಳುಮಟ್ಟ' ನಿಮಗೆ ಗೊತ್ತೇ ಇಲ್ವಂತೆ. ನಿಮ್ಮ ತಂತ್ರಾಂಶ ಹೇಳ್ತಿದೆ."

ಕತೆ ಎಷ್ಟು ಅಳಿಸೀತೆಂದು ಕೇಳುಗರಿಗೆ ಮುಂಚೆಯೇ ತಿಳಿಸಲು ಆಕೆ ಸ್ವತಃ ಸೃಷ್ಟಿಸಿದ್ದ ಟ್ಯಾಗ್ ಅದು.

"ನಿಯಮದಲ್ಲಿ ಇಲ್ಲದ್ದು ಕಣೇ. ಕೈತಪ್ಪಿ ಬರೆದದ್ದೋ, ಬೇಕಂತಲೇ ಬರೆದದ್ದೋ, ತಂತ್ರಾಂಶಕ್ಕೆ ಹೇಗೆ ಗೊತ್ತಾಗಬೇಕು?"

"ನಿಮ್ಮ ಟ್ಯಾಗುಗಳಲ್ಲಿ ತಪ್ಪಿದ್ರೆ ತಡೀರಿ, ಬೇಡ ಅಂದೋರು ಯಾರು? ಇದು ನನ್ನದೇ ಟ್ಯಾಗ್ ಅಂತ ತಿಳೀಲಿ ಅಂತ ಇದಕ್ಕೆ ನನ್ನ ಜಾಲತಾಣದ ವಿಳಾಸಾನೇ ಕಟ್ಟಿ ಕಳಿಸಿದ್ದೀನಿ. ಬೇರೆಯವರದ್ದು ಅಂತ ಕಂಡ ಮೇಲೆ ದಾರಿ ಬಿಟ್ರೆ ನಿಮ್ಮ ಗಂಟೇನು ಹೋಗುತ್ತೆ?"

"ಶಿಸ್ತು ಅಂದ್ರೆ..."

"ಅಳು ಎಷ್ಟಿದೆ ಅಂತ ತಿಳೀದೆ ನಾನು ಊಟಕ್ಕೆ ಮುಂಚೆ ಕೇಳಲೋ, ಆಮೇಲೆ ಕೇಳಲೋ?" ಎಂದು ತಾಯಿ ನಡುವೆ ಬಾಯಿ ಹಾಕಿದರು.

ಎರಡು ಕಡೆಯಿಂದಲೂ ಮುತ್ತಿಗೆ ಬಿದ್ದ ಮೇಲೆ ಸಾಮ್ರಾಟರು ಸಂಧಿಗೆ ಒಪ್ಪಿದರು. ಅಪರಿಚಿತ ಟ್ಯಾಗಿಗೆ ಇನ್ನು ತಡೆಯಿಲ್ಲ, ಬರೀ ಎಚ್ಚರಿಕೆ ಎಂದು ಕುಳಿತಲ್ಲೇ ನಿಯಮ ತಿದ್ದಿದರು. ಫೀಡ್ ದಾಟಿತು, ಲಿಫ್ಟಿನ ಬಾಗಿಲು ತೆರೆಯಿತು, ತಾಯಿ ಕಣ್ಣೊರೆಸಿಕೊಳ್ಳುತ್ತ ಕೋಣೆಗೆ ನಡೆದರು.

ಮಡದಿಯ ನೋಟ ಮಾತ್ರ ಪರದೆಯ ಮೇಲೆ ಮೂಡಿದ ಎಚ್ಚರಿಕೆಯಿಂದ ಕದಲಲಿಲ್ಲ. "'ತಿಳಿಯದ ಟ್ಯಾಗ್, ನಿರ್ಲಕ್ಷಿಸಲಾಗಿದೆ.' ಯಾರನ್ನ ನಿರ್ಲಕ್ಷಿಸೋದು?"

"ಅದು ರೂಢಿಯ ಮಾತು ಕಣೇ."

"ಯಾವ ಮನೆಯ ರೂಢಿ? ನಾನು ಹೇಳ್ತೀನಿ, ಬರ್ಕೊಳ್ಳಿ."

ತಟ್ಟೆ ಇನ್ನೂ ಬಂದಿರಲಿಲ್ಲವಾದ್ದರಿಂದ ಅವರು ಬರೆದುಕೊಂಡರು.

ಮರುದಿನ ಬೆಳಗ್ಗೆ, ಸ್ವಂತ ಟ್ಯಾಗ್ ಇಟ್ಟುಕೊಂಡ ಕತೆಗಾರರೆಲ್ಲರಿಗೂ ಹೊಸ ಎಚ್ಚರಿಕೆ ತಲುಪಿತು. ಮೇಲಧಿಕಾರಿ ಪರಿಶೀಲಕರನ್ನು ಕರೆಸಿ, ಇಡೀ ವಿಭಾಗಕ್ಕೆ ಕೇಳುವಂತೆ ಅದನ್ನು ಓದಿದರು: "'ಈ ಟ್ಯಾಗ್ ನನಗೆ ತಿಳಿಯದು. ನನಗೆ ತಿಳಿಯದ್ದು ಬಹಳವಿದೆ. ದಯವಿಟ್ಟು ಮುಂದೆ ಸಾಗಿ.'"

ಪರಿಶೀಲಕರು ಕೆಮ್ಮಿದರು.

"ಎಲ್ಲರೂ ಮೆಚ್ಚಿ ಬರೆದಿದ್ದಾರೆ ಕಣ್ರೀ," ಎಂದರು ಮೇಲಧಿಕಾರಿ. "ಉಳಿದ ಸಂದೇಶಗಳನ್ನೂ ಮನೆಗೇ ತಗೊಂಡು ಹೋಗಿ, ತಿದ್ದಿಸ್ಕೊಂಡು ಬನ್ನಿ."