ಟೀಚರಮ್ಮನ ಹೂವಿನ ಪಟ

ಫ್ರೇಮಣ್ಣ ಸುಳ್ಳು ಹೇಳಿದವನಲ್ಲ. ನಿಜವನ್ನು ಬಿಡಿಸಿ ಹೇಳಲಿಲ್ಲ, ಅಷ್ಟೇ. ಆ ದಿನದ ರಾದ್ಧಾಂತವೆಲ್ಲ ಶುರುವಾದದ್ದು ಅಲ್ಲಿಂದಲೇ.

ಪಟಗಳಿಗೆ ಕಟ್ಟು ಹಾಕುವ ಪುಟ್ಟ ಅಂಗಡಿ ಅವನದು. ಬೆಳಿಗ್ಗೆ ತುಟಿಯಲ್ಲಿ ಎರಡು ಸಣ್ಣ ಮೊಳೆ ಕಚ್ಚಿಕೊಂಡು, ಯಾರದೋ ಮದುವೆ ಫೋಟೊದ ಹಿಂದೆ ರಟ್ಟು ಬಡಿಯುತ್ತಿದ್ದಾಗ ಟೀಚರಮ್ಮ ಬಂದರು. ನಿವೃತ್ತರಾಗಿ ಆರು ವರ್ಷ ಕಳೆದಿದ್ದರೂ ಅವರನ್ನು ಕಂಡರೆ ಬೀದಿಯ ಗಂಡಸರೆಲ್ಲ ಅಂಗಿಯ ಗುಂಡಿ ಸರಿಮಾಡಿಕೊಳ್ಳುತ್ತಿದ್ದರು. ಕಂಕುಳಲ್ಲಿ ಬೆಡ್‌ಶೀಟಿನಲ್ಲಿ ಸುತ್ತಿದ ಪಟವೊಂದಿತ್ತು. ಗಾಜು ಬಿರುಕು ಬಿಟ್ಟಿದೆ, ಬದಲಾಯಿಸಬೇಕು ಎಂದು ಬಿಚ್ಚಿಟ್ಟರು.

ಒಂದು ಹೂದಾನಿಯ ಚಿತ್ರ. ಹೂವಿನ ದಂಟುಗಳು ಬಣ್ಣದಲ್ಲಿ ಬರೆದವು, ಎಸಳುಗಳು ಬಟ್ಟೆಯ ಚೂರುಗಳು, ಎಲೆಗಳು ಪತ್ರಿಕೆಯಿಂದ ಕತ್ತರಿಸಿದವು, ನಡುನಡುವೆ ನಿಜವಾದ ಒಣ ಹೂಗಳು. ಪ್ರತಿ ಹೂವಿನ ಮಧ್ಯೆ ಕೋಟಿನ ಹಳದಿ ಗುಂಡಿ. ಬಿರುಗಾಳಿಯೊಂದು ದರ್ಜಿ ಅಂಗಡಿಗೆ ನುಗ್ಗಿ, ಹೊರಡುವ ಅವಸರದಲ್ಲಿ ಹೂವಿನ ಕುಂಡಕ್ಕೆ ಡಿಕ್ಕಿ ಹೊಡೆದಂತೆ ಕಾಣುತ್ತಿತ್ತು.

ಟೀಚರಮ್ಮನ ದೊಡ್ಡಕ್ಕ ಮಾಡಿದ ಪಟ ಅದು. ಅವರು ತೀರಿಕೊಂಡ ಮೇಲೆ ಸಾಮಾನು ಹಂಚಿಕೊಂಡಾಗ ತಮ್ಮನಿಗೆ ಕಬ್ಬಿಣದ ಬೀರು, ಟೀಚರಮ್ಮನಿಗೆ ಈ ಪಟ ಬಂದಿತ್ತು. ಆ ಹಂಚಿಕೆಯ ಜಗಳದಲ್ಲಿ ಅಕ್ಕ ತಮ್ಮ ಮಾತು ಬಿಟ್ಟು ಮೂರು ತಿಂಗಳಾಗಿತ್ತು. ಆ ತಮ್ಮನೇ ಫ್ರೇಮಣ್ಣನ ಅಂಗಡಿಯ ಓನರು.

"ಇದು ಎಷ್ಟು ಬೆಲೆ ಬಾಳುತ್ತೆ, ನೋಡಿ ಹೇಳಪ್ಪ," ಎಂದರು ಟೀಚರಮ್ಮ.

ಬಿಟ್ಟಿ ಕೊಟ್ಟರೂ ಯಾರೂ ಒಯ್ಯುವುದಿಲ್ಲ ಎಂಬುದು ಫ್ರೇಮಣ್ಣನ ಅಭಿಪ್ರಾಯ. ಆದರೆ ಹೋದವರ ಕೈಕೆಲಸ, ಎದುರಿಗೆ ಟೀಚರಮ್ಮನ ಕನ್ನಡಕ, ಬಾಯಲ್ಲಿ ಮೊಳೆ.

"ಇದಕ್ಕೆಲ್ಲ ಬೆಲೆ ಕಟ್ಟೋಕಾಗಲ್ಲಮ್ಮ," ಎಂದ.

ಟೀಚರಮ್ಮನ ಕಣ್ಣು ತುಂಬಿ ಬಂತು. ಪಟವನ್ನು ಜೋಪಾನವಾಗಿ ಇಟ್ಟುಕೋ ಎಂದು ಹೇಳಿ ತಲೆಯೆತ್ತಿ ನಡೆದು ಹೋದರು. ಯಾರ ಮನಸ್ಸೂ ನೋಯದಂತೆ ಪಾರಾದೆನಲ್ಲ ಎಂದು ಫ್ರೇಮಣ್ಣ ಇನ್ನೊಂದು ಮೊಳೆ ಹೊಡೆದ.

ಪಕ್ಕದ ಅಂಗಡಿಯ ಟೈಲರಮ್ಮನಿಗೆ ಕತ್ತರಿಗಿಂತ ಕಿವಿ ಚುರುಕು. ಹತ್ತೂವರೆಗೆ ವಿಷಯ ಔಷಧಿ ಅಂಗಡಿಯವನಿಗೆ ಮುಟ್ಟಿತು. ಅವನು ಮೊಬೈಲ್ ಒತ್ತಿ ನೋಡಿ, ಬಣ್ಣ, ಬಟ್ಟೆ, ಕಾಗದ ಎಲ್ಲ ಸೇರಿಸಿ ಮಾಡುವ ಇಂಥದ್ದಕ್ಕೆ ಮಿಕ್ಸೆಡ್ ಮೀಡಿಯಾ ಅನ್ನುತ್ತಾರೆ, ಹೊರದೇಶದಲ್ಲಿ ಒಂದು ಪಟಕ್ಕೆ ಒಂದು ಮನೆಯನ್ನೇ ಕೊಡುತ್ತಾರೆ ಎಂದು ಸಾರಿದ. ಆ ಒಂದು ಮನೆ ಕ್ಷೌರದಂಗಡಿ ತಲುಪುವ ಹೊತ್ತಿಗೆ ಎರಡಾಯಿತು. ಬೀದಿಯ ತುದಿ ಮುಟ್ಟುವಾಗ ಅದಕ್ಕೊಂದು ಕಾರು ನಿಲ್ಲಿಸುವ ಜಾಗವೂ ಸೇರಿಕೊಂಡಿತ್ತು.

ಮಧ್ಯಾಹ್ನದೊಳಗೆ ಟೈಲರಮ್ಮ ಬಂದು, ಬಟ್ಟೆಯ ಚೂರುಗಳೆಲ್ಲ ತನ್ನ ಅಂಗಡಿಯವೇ ಆದ್ದರಿಂದ ಪಟದ ಮೂಲೆಯಲ್ಲಿ ತನ್ನ ಹೆಸರೂ ಇರಬೇಕು ಎಂದು ಹಟ ಹಿಡಿದಳು. ಅವಳ ಹಿಂದೆಯೇ ಓನರು ಬಂದರು. ಪಟದ ಮುಂದೆ ಕೈಕಟ್ಟಿ ನಿಂತು, ಒಮ್ಮೆ ಹತ್ತಿರದಿಂದ, ಒಮ್ಮೆ ದೂರದಿಂದ ನೋಡಿದರು.

"ಹಂಚಿಕೆ ಆಗುವಾಗ ಇದು ಗೊತ್ತಿರಲಿಲ್ಲ ನನಗೆ. ಬೀರು ಅವಳಿಗೆ ಕೊಟ್ಟುಬಿಡ್ತೀನಿ, ಪಟ ನನಗಿರಲಿ. ನೀನೇ ಅವಳಿಗೆ ತಿಳಿಸಿ ಹೇಳು. ಅಂದ ಹಾಗೆ, ಮುಂದಿನ ತಿಂಗಳು ನಿನ್ನ ಬಾಡಿಗೆ ಕರಾರು ಹೊಸದು ಮಾಡಬೇಕಲ್ವಾ?"

ಅವರು ಅತ್ತ ಹೋಗುತ್ತಲೇ ಇತ್ತ ಟೀಚರಮ್ಮ ಕಾಗದ ಪೆನ್ನು ಹಿಡಿದು ಬಂದರು. ಬೆಳಿಗ್ಗೆ ಹೇಳಿದ್ದನ್ನು ಬರೆದು ಸಹಿ ಹಾಕಿಕೊಡು, ಅಕ್ಷರ ಗುಂಡಗಿರಲಿ ಎಂದರು. ಕೈ ಉಳುಕಿದೆ ಎಂದು ಫ್ರೇಮಣ್ಣ ನೆಪ ಹೇಳಿದ. ಹಾಗಾದರೆ ನಾಲ್ಕು ಗಂಟೆಗೆ ಬರುತ್ತೇನೆ, ಅಷ್ಟರಲ್ಲಿ ಬಿಸಿನೀರಿನ ಶಾಖ ಕೊಟ್ಟುಕೋ ಎಂದು ಹೋದರು.

ನಾಲ್ಕಕ್ಕೆ ಅವರಿಗಿಂತ ಮೊದಲು ಬೀರು ಬಂತು. ಓನರು ಅದನ್ನು ಅಕ್ಕನ ಮನೆಗೆ ಕಳಿಸಿದ್ದರು. ಅಕ್ಕ ಹೊಸಿಲು ದಾಟಿಸದೆ, ಪಟ ಎಲ್ಲಿದೆಯೋ ಬೀರೂ ಅಲ್ಲೇ ಹೋಗಲಿ ಎಂದು ತಿರುಗಿಸಿ ಕಳಿಸಿದ್ದರು. ಹಮಾಲಿಗಳಿಬ್ಬರು ಅದನ್ನು ಓರೆ ಮಾಡಿ ಫ್ರೇಮಣ್ಣನ ಅಂಗಡಿಗೆ ತುರುಕಿದರು. ಅರ್ಧ ಒಳಗೆ ಬಂದದ್ದು ಬಾಗಿಲಿನ ಚೌಕಟ್ಟಿಗೆ ಸಿಕ್ಕಿಕೊಂಡಿತು. ಈಚೆಗೂ ಇಲ್ಲ, ಆಚೆಗೂ ಇಲ್ಲ. ಒಳಗೆ ಫ್ರೇಮಣ್ಣ, ಹೊರಗೆ ಅಕ್ಕ, ತಮ್ಮ, ಟೈಲರಮ್ಮ, ಔಷಧಿ ಅಂಗಡಿಯವನು, ಜೊತೆಗೆ ಬೀದಿಯಲ್ಲಿ ಕೆಲಸವಿಲ್ಲದವರೆಲ್ಲ.

ಹೊರಗೆ ದನಿಗಳು ಏರಿದವು. ಅವನು ಏನೆಂದ, ನೀವೇ ಕೇಳಿ ಎಂದು ಒಬ್ಬರು. ಅವನಿಂದಲೇ ಬರೆಸುತ್ತೇನೆ ಎಂದು ಇನ್ನೊಬ್ಬರು. ಫ್ರೇಮಣ್ಣ ಸ್ಟೂಲು ಹತ್ತಿ, ಬೀರುವಿನ ಮೇಲಿದ್ದ ಗೇಣಗಲದ ಸಂದಿಯಲ್ಲಿ ಮುಖ ಇಟ್ಟ.

"ಬೆಲೆ ಕಟ್ಟೋಕಾಗಲ್ಲ ಅಂದಿದ್ದು ನಿಜ. ಬೆಲೆ ಇದ್ರೆ ತಾನೇ ಕಟ್ಟೋದು? ಹಲಗೆ, ಗೋಂದು, ಬಟ್ಟೆ ಚೂರು. ಗುಂಡಿ ಕಿತ್ತು ಮಾರಿದ್ರೆ ಒಂದು ಟೀ ಖರ್ಚು ಹುಟ್ಟಬಹುದು. ನನ್ನನ್ನ ಬಿಟ್ಟುಬಿಡಿ."

ಇನ್ನು ಎಲ್ಲರೂ ಮನೆಗೆ ಹೋಗುತ್ತಾರೆ ಎಂದುಕೊಂಡು ಫ್ರೇಮಣ್ಣ ಒಂದು ಕಾಲು ಕೆಳಗಿಟ್ಟ.

"ಕೇಳಿದ್ಯಾ ಅಕ್ಕ?" ಎಂದರು ಓನರು. ಮೂರು ತಿಂಗಳಲ್ಲಿ ಅಕ್ಕನೊಂದಿಗೆ ನೇರವಾಗಿ ಆಡಿದ ಮೊದಲ ಮಾತು ಅದು.

"ಕೇಳಿದೆ ಕಣೋ."

ಓನರು ಬೀರುವಿನ ಮೇಲಿನ ಸಂದಿಯತ್ತ ತಿರುಗಿದರು. "ನಮ್ಮ ದೊಡ್ಡಕ್ಕನ ಕೆಲಸಕ್ಕೆ ಬೆಲೆ ಇಲ್ಲ ಅನ್ನೋಕೆ ನೀನ್ಯಾರಯ್ಯ? ನಾಳೆನೇ ಅಂಗಡಿ ಖಾಲಿ ಮಾಡು."

ಫ್ರೇಮಣ್ಣನ ಇನ್ನೊಂದು ಕಾಲು ಸ್ಟೂಲಿನ ಮೇಲೆಯೇ ಉಳಿಯಿತು. ಟೀಚರಮ್ಮ ಕನ್ನಡಕ ಒರೆಸಿಕೊಂಡು ತಮ್ಮನನ್ನು ತಡೆದರು.

"ಖಾಲಿ ಮಾಡಿಸಿದ್ರೆ ಅವನಿಗೆ ಬುದ್ಧಿ ಬರೋದು ಹೇಗೆ? ಪಟ ಇಲ್ಲೇ ಇರಲಿ, ಅವನು ಕೂರೋ ಜಾಗದ ಎದುರಿಗೇ. ದಿನಾ ನೋಡ್ಲಿ. ಅರ್ಥ ಆಗೋವರೆಗೂ ಕೆಳಗಿಳಿಸೋ ಹಾಗಿಲ್ಲ."

ಎಲ್ಲರಿಗೂ ಈ ತೀರ್ಪು ಒಪ್ಪಿಗೆಯಾಯಿತು. ಹಮಾಲಿಗಳು ಬೀರುವನ್ನು ಎಳೆದು ಹೊರಗಿನ ಫುಟ್‌ಪಾತಿನಲ್ಲಿ ನಿಲ್ಲಿಸಿ ಗಾಡಿ ತರಲು ಹೋದರು. ಫ್ರೇಮಣ್ಣ ತನ್ನ ಖರ್ಚಿನಲ್ಲೇ ಹೊಸ ಗಾಜು ಕೂರಿಸಿದ, ತಾನೇ ಮೊಳೆ ಹೊಡೆದ, ಪಟ ತೂಗುಹಾಕಿ ಎದುರಿಗೆ ಕುಳಿತ.

ನೋಡುತ್ತಾ ನೋಡುತ್ತಾ ಅವನಿಗೆ ಹೇಗೋ ಆಯಿತು. ಒಂದು ಒಣ ಎಸಳು ಕೂಡ ಮುರಿದಿರಲಿಲ್ಲ. ಪ್ರತಿ ಗುಂಡಿಗೂ ಮೂರು ಸುತ್ತು ದಾರ, ಸಣ್ಣ ಗಂಟು. ಯಾರೋ ಕಿಟಕಿಯ ಬಳಿ ಕೂತು, ಕಣ್ಣು ಕಿರಿದು ಮಾಡಿಕೊಂಡು, ದಿನಗಟ್ಟಲೆ ಕೈ ನೋಯಿಸಿಕೊಂಡಿದ್ದರು. ಟೀ ಖರ್ಚಿನ ಮಾತು ಆಡಬಾರದಿತ್ತು ಅನ್ನಿಸಿತು. ತಪ್ಪಾಯಿತು ಎಂದು ಹೇಳಿಬಿಡೋಣ ಎಂದು ಹೊರಗೆ ಬಂದ. ಅಕ್ಕ ತಮ್ಮ ಬೀರುವಿನ ಆ ಬದಿಯಲ್ಲಿ ನಿಂತಿದ್ದರು. ಈ ಬದಿಗೆ ಅವರ ಮಾತು ಕೇಳಿಸಿತು.

"ಅಂತೂ ಮನೆಯಿಂದ ಹೊರಗೆ ಹೋಯ್ತಲ್ಲೋ," ಎನ್ನುತ್ತಿದ್ದರು ಟೀಚರಮ್ಮ. "ಆ ಹಳದಿ ಗುಂಡಿಗಳೆಲ್ಲ ಊಟಕ್ಕೆ ಕೂತ್ರೆ ನನ್ನ ತಟ್ಟೆನೇ ನೋಡ್ತಿದ್ವು. ದೊಡ್ಡಕ್ಕ ಮಾಡಿದ್ದು, ಎಸೆಯೋಕೆ ಮನಸ್ಸು ಬರ್ತಿರಲಿಲ್ಲ."

"ನನಗೂ ಅದನ್ನ ಕಂಡ್ರೆ ಆಗ್ತಿರಲಿಲ್ಲ ಅಕ್ಕ. ಪಾಪ, ಅವನು ಹೇಳಿದ್ದು ಸರಿಯಾಗೇ ಇತ್ತು."

ಇಬ್ಬರೂ ನಗತೊಡಗಿದರು, ಮಕ್ಕಳ ಹಾಗೆ, ತಡೆದು ತಡೆದು. ನಗು ಒರೆಸಿಕೊಳ್ಳುತ್ತಾ ಬೀರು ಸುತ್ತಿ ಬಂದ ಓನರು ಫ್ರೇಮಣ್ಣನನ್ನು ಕಂಡು ತಟ್ಟನೆ ಮುಖ ಬಿಗಿ ಮಾಡಿಕೊಂಡರು.

"ಇಲ್ಲೇ ಇದ್ದೀಯಾ, ಒಳ್ಳೇದಾಯ್ತು. ನನ್ನ ಮದುವೆಗೆ ಅಂತ ದೊಡ್ಡಕ್ಕ ಇನ್ನೊಂದು ಮಾಡಿಕೊಟ್ಟಿದ್ಲು. ಬಾಗಿಲಷ್ಟು ಎತ್ತರ ಇದೆ. ಅದರಲ್ಲಿ ಹಕ್ಕಿಗಳೂ ಇವೆ. ಬೆಳಿಗ್ಗೆ ಕಳಿಸ್ತೀನಿ, ಆ ಕಡೆ ಗೋಡೆ ಖಾಲಿ ಮಾಡಿಟ್ಟಿರು."

ಫ್ರೇಮಣ್ಣ ಜೇಬಿನಿಂದ ಎರಡು ಮೊಳೆ ತೆಗೆದು ತುಟಿಯಲ್ಲಿ ಕಚ್ಚಿಕೊಂಡು ಅಳತೆ ಟೇಪು ಹುಡುಕಲು ಒಳಗೆ ಹೋದ.