ಮಾವನ ಪಾಚಿಗೆ ಹೊಗೆ ಬೇಕಾಗಿತ್ತು

ಹೊಗೆ ಕಂಡರೆ ಉರಿದುಬೀಳುವ ನಮ್ಮ ಸೋದರಮಾವ ಒಮ್ಮೆ ಅದೇ ಹೊಗೆಗಾಗಿ ಹಂಬಲಿಸಿದ್ದರು ಎಂದರೆ ನಂಬುತ್ತೀರಾ? ನೆದರ್ಲೆಂಡ್ಸಿನ ಹಾರ್ಲೆಮಿನಲ್ಲಿ ಟ್ರಾಫಿಕ್ ಜಾಮ್ ಆಗಲಪ್ಪಾ ಎಂದು ಹರಕೆ ಹೊತ್ತ ಏಕೈಕ ಪರಿಸರ ವಿಜ್ಞಾನಿ ಅವರೇ ಇರಬೇಕು!

ಅವರದು ಪಾಚಿಯ ಹುಚ್ಚು. ಪೇಟೆಯ ಗಾಳಿಯ ಮಸಿಯನ್ನು ಪಾಚಿ ಹೀರಿಕೊಳ್ಳುತ್ತದೆ, ರಸ್ತೆಬದಿಗೆ ಪಾಚಿಯ ಹಲಗೆ ನಿಲ್ಲಿಸಿದರೆ ಊರು ಉಸಿರಾಡುತ್ತದೆ ಎಂದು ಜನ ನಗುತ್ತಿದ್ದ ಕಾಲದಿಂದಲೂ ಹೇಳಿಕೊಂಡು ಬಂದವರು. ಡಚ್ಚರೋ, ಮನೆಮುಂದಿನ ಇಟ್ಟಿಗೆಸಂದಿಯ ಪಾಚಿಯನ್ನು ಮಂಡಿಯೂರಿ ಕೆರೆಯುವ ಜನ. ಮಾವ ಚೀಲ ಹಿಡಿದು ಅವರ ಹಿಂದೆಯೇ ನಿಲ್ಲುತ್ತಿದ್ದರು. ಬೀದಿಯವರು ಇವರನ್ನು ಕಸ ಒಯ್ಯುವವರೆಂದೇ ತಿಳಿದಿದ್ದರಂತೆ. ಇದು ಅತ್ತೆ ಹೇಳಿದ್ದು. ಅರ್ಧ ನಂಬಿದರೆ ಸಾಕು.

"ಉಡುಪಿಯಲ್ಲಿ ಅಂಗಳದ ಪಾಚಿಗೆ ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿ ತಿಕ್ಕಿ ನನ್ನ ಸೊಂಟ ಹೋಯ್ತು. ಇಲ್ಲಿ ಇವರು ಅದಕ್ಕೆ ನೀರು ಚಿಮುಕಿಸಿ ಸಾಕುದು ನೋಡು!" ಎಂದು ಅತ್ತೆ ಗೊಣಗುವರು.

"ನಿನ್ನ ಮಲ್ಲಿಗೆಗಿಂತ ಇದು ಉಪಕಾರಿ ಮಾರಾಯ್ತಿ," ಎನ್ನುವರು ಮಾವ.

ಅಂತೂ ನಿವೃತ್ತಿಗೆ ಕೆಲವೇ ತಿಂಗಳಿರುವಾಗ, ಗಿಜಿಗುಡುವ ರಸ್ತೆಯೊಂದರಲ್ಲಿ ಹಲಗೆ ನಿಲ್ಲಿಸಲು ಅನುಮತಿ ಸಿಕ್ಕಿತು. ನಿಲ್ಲಿಸಿದರು. ಹಿಂದೆಯೇ ಲಾಕ್‌ಡೌನ್! ಕಾರಿಲ್ಲ, ಬಸ್ಸಿಲ್ಲ, ಅಳೆಯಲು ಹೊಗೆಯೇ ಇಲ್ಲ! ಲೋಕವೆಲ್ಲ ನೀಲಿ ಆಕಾಶದ ಫೋಟೊ ಕಳಿಸುತ್ತಿದ್ದರೆ ಮಾವ ಮಂಕಾಗಿ ಕೂತಿದ್ದರು. ಇಷ್ಟು ವರ್ಷದ ಮಾತು ನಿಜವೆಂದು ತೋರಿಸಲು ಇದ್ದದ್ದು ಇದೊಂದೇ ಅವಕಾಶ.

ನಿವೃತ್ತಿಯ ಹಿಂದಿನ ವಾರ ಫೋನು ಬಂತು. "ನಿನ್ನ ಹಳೇ ಡೀಸೆಲ್ ಕಾರು ಉಂಟಲ್ಲ, ತಕೊಂಡು ಬಾ. ಹಲಗೆಯೆದುರು ಎಂಜಿನ್ ಆನ್ ಮಾಡಿ ಸುಮ್ಮನೆ ನಿಲ್ಲು."

"ಮಾವ, ಇದು ವಿಜ್ಞಾನವಾ?"

"ಅಲ್ಲ, ಹತಾಶೆ. ಬಾ ನೀನು."

ಹೋದೆ. ಮಾವ ಮಾಸ್ಕ್ ಹಾಕಿ, ಅಳೆಯುವ ಯಂತ್ರ ಹಿಡಿದು, ಆರತಿ ಎತ್ತುವವರಂತೆ ಕಾರಿನ ಹಿಂದೆ ನಿಂತರು. ಅಂಕಿ ಏರತೊಡಗಿತು. ಅವರ ಕಣ್ಣು ಹೊಳೆಯಿತು. ಅಷ್ಟರಲ್ಲಿ ಎದುರುಮನೆಯ ಮಹಡಿಯಲ್ಲಿ ಅಜ್ಜಿಯೊಬ್ಬರು ಕಿಟಕಿ ತೆರೆದು ಗಾಳಿಗೆ ಮುಖವೊಡ್ಡಿದರು. ಅವರ ಮೂಗಿಗೆ ಆಕ್ಸಿಜನ್ ಕೊಳವೆ ಇತ್ತೆಂದು ನನ್ನ ನೆನಪು. ಆ ದಿನಗಳಲ್ಲಿ ಎಲ್ಲೆಲ್ಲೂ ಅದನ್ನೇ ಕಾಣುತ್ತಿದ್ದೆವಲ್ಲ, ನಾನೇ ಸೇರಿಸಿಕೊಂಡಿರಲೂಬಹುದು. ಅವರು ಕೆಮ್ಮಿದ್ದು ಮಾತ್ರ ನಿಜ.

"ಆರಿಸು," ಎಂದರು ಮಾವ.

"ಈಗಷ್ಟೇ ಅಂಕಿ ಬರ್ತಾ ಇದೆ! ಇನ್ನೊಂದು ಅವಕಾಶ ಎಲ್ಲಿದೆ ಮಾವ?"

"ಆರಿಸು ಮಾರಾಯ. ಅವರು ಕಿಟಕಿ ಹಾಕಿಕೊಳ್ಳುವ ಮೊದಲು ಆರಿಸು."

ಆರಿಸಿದೆ. ಏನನ್ನೂ ಸಾಧಿಸಿ ತೋರಿಸದೆಯೇ ಮಾವ ನಿವೃತ್ತರಾದರು. ಅಂದು ಎಂಜಿನ್ ಆರಿದ ಮೇಲೆ ಅವರು ಯಂತ್ರವನ್ನು ಜೇಬಿಗಿಳಿಸಿ, ಕ್ಷಮೆ ಕೇಳುವಂತೆ ಮೇಲೆ ಅಜ್ಜಿಯ ಕಿಟಕಿಯತ್ತ ನೋಡಿ ಕೈಮುಗಿದರು. ಅಜ್ಜಿಗೆ ಏನು ತಿಳಿಯಿತೋ, ಅವರೂ ಕೈಮುಗಿದು, ಕಿಟಕಿಯನ್ನು ಇನ್ನಷ್ಟು ಅಗಲ ತೆರೆದರು.